ಡಿಕ್ಕಿಯೇ ಇಲ್ಲದ ಸಂದಿಗೆ 12.9 ಕಿಲೋಓಂ ಎಲ್ಲಿಂದ ಬಂತು? (ಜೊತೆಗೆ ಈ ‘ಕಪ್ಲಿಂಗ್’ ಎಷ್ಟು ಥರ?)

ತುಂಗಾತೀರ · ಶನಿವಾರ ರಾತ್ರಿ 9:40
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್. ಸೆಮಿನಾರ್‌ಗೆ ಕ್ವಾಂಟಂ ಪಾಯಿಂಟ್ ಕಾಂಟ್ಯಾಕ್ಟ್ ತಗೊಂಡಿದೀನಿ. ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಪದರಗಳು ಕೂಡೋ ಕಡೆ ಎಲೆಕ್ಟ್ರಾನ್‌ಗಳ ಒಂದು ತೆಳು ಹಾಳೆ. ಮೇಲೆ ಎರಡು ಲೋಹದ ಗೇಟ್. ನೆಗೆಟಿವ್ ವೋಲ್ಟೇಜ್ ಕೊಟ್ಟರೆ ಗೇಟ್ ಕೆಳಗಿನ ಎಲೆಕ್ಟ್ರಾನ್‌ಗಳು ಓಡಿಹೋಗಿ ನಡುವೆ ಸಣ್ಣ ಸಂದಿ ಉಳಿಯುತ್ತೆ. ಆ ಸಂದಿ ಅಗಲ ಮಾಡ್ತಾ ಹೋದರೆ ವಾಹಕತೆ 2ಇ²/ಎಚ್ (ಇ ಎಲೆಕ್ಟ್ರಾನ್‌ನ ಆವೇಶ, ಎಚ್ ಪ್ಲಾಂಕ್ ಸ್ಥಿರಾಂಕ) ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಇಲ್ಲಿವರೆಗೂ ಸರಿ.

ತಲೆನೋವು ಶುರುವಾಗೋದು ಇಲ್ಲಿ. ಸಂದಿಯೊಳಗೆ ಎಲೆಕ್ಟ್ರಾನ್ ಯಾವುದಕ್ಕೂ ಡಿಕ್ಕಿ ಹೊಡೆಯಲ್ಲ, ಬ್ಯಾಲಿಸ್ಟಿಕ್ ಅಂತಾರೆ. ಹಾಗಾದರೆ ರೆಸಿಸ್ಟೆನ್ಸ್ ಸೊನ್ನೆ ಆಗಬೇಕಲ್ವಾ? ಮೊದಲ ಮೆಟ್ಟಿಲಲ್ಲಿ 12,906 ಓಂ ಹೇಗೆ? ಓಂ ಅಂದಮೇಲೆ ಬಿಸಿನೂ ಆಗಬೇಕು, ಆ ಬಿಸಿ ಎಲ್ಲಿ? ಗೈಡ್ ಹತ್ರ ಕೇಳಿದೆ. “ಲ್ಯಾಂಡಾವರ್ ಸೂತ್ರ ಬರಿ, ಮುಂದಕ್ಕೆ ಹೋಗು” ಅಂದರು (ಎಲೆಕ್ಟ್ರಾನ್ ದಾಟೋ ಸಾಧ್ಯತೆಯಿಂದ ವಾಹಕತೆ ಹೇಳೋ ಸೂತ್ರ ಅದು).

ಎರಡನೇದು, ಡಬಲ್ ಕ್ವಾಂಟಂ ಡಾಟ್ (ಎಲೆಕ್ಟ್ರಾನ್ ಹಿಡಿದಿಡೋ ಎರಡು ಪುಟ್ಟ ಗುಂಡಿ ಅಕ್ಕಪಕ್ಕ) ಪೇಪರ್‌ಗಳಲ್ಲಿ ಅವೆರಡರ ನಡುವಿನ ನಂಟಿಗೆ ಒಬ್ಬರು ಕೆಪಾಸಿಟಿವ್ ಕಪ್ಲಿಂಗ್ ಅಂತಾರೆ, ಇನ್ನೊಬ್ಬರು ಟನಲ್ ಕಪ್ಲಿಂಗ್, ಮತ್ತೊಬ್ಬರು ಎಕ್ಸ್‌ಚೇಂಜ್. ಎಲ್ಲ ಒಂದೇನಾ?

ಬೋರ್‌ವೆಲ್ · 9:48
ಸಿಂಪಲ್ ಗುರು. ಎಂಟು ಲೇನ್ ಹೈವೇ ಬಂದು ಒಂದೇ ಕೌಂಟರ್ ಇರೋ ಟೋಲ್‌ಗೆ ಸೇರಿದ ಹಾಗೆ. ಟೋಲ್ ಒಳಗೆ ಯಾರಿಗೂ ಯಾರೂ ಗುದ್ದಲ್ಲ, ಆದರೂ ಕ್ಯೂ ಮೈಲುದ್ದ.

ಸುಮ್ನೆ_ಓದುಗ · 9:51
ಫಾಸ್ಟ್ಯಾಗ್ ಹಾಕ್ಸಿ ಅಂತ ಹೇಳಿ ಎಲೆಕ್ಟ್ರಾನ್‌ಗೆ 😄

ನೀಲಿಹಾಳೆ · 10:15
ಟೋಲ್ ಹೋಲಿಕೆ ಅರ್ಧ ದಾರಿವರೆಗೆ ಮಾತ್ರ ಬರುತ್ತೆ. ಟೋಲ್ ಎರಡಡಿ ಅಗಲ ಮಾಡಿದರೆ ಗಾಡಿ ಒಂಚೂರು ಸಲೀಸಾಗಿ ಹೋಗುತ್ತೆ. ಇಲ್ಲಿ ಸಂದಿ ಸ್ವಲ್ಪ ಅಗಲ ಮಾಡಿದರೆ ಏನೂ ಆಗಲ್ಲ, ಇನ್ನಷ್ಟು ಮಾಡಿದರೆ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು. ಯಾಕಂದ್ರೆ ಸಂದಿಯಲ್ಲಿ ಅಡ್ಡಡ್ಡ ನಿಲ್ಲಬೇಕಾಗಿರೋದು ಅಲೆ. ಅಗಲದಲ್ಲಿ ಅರ್ಧ ತರಂಗಾಂತರ ಹಿಡಿದರೆ ಒಂದು ಮೋಡ್, ಎರಡು ಅರ್ಧ ಹಿಡಿದರೆ ಎರಡು ಮೋಡ್. ಒಂದೂವರೆ ಮೋಡ್ ಅಂತ ಇಲ್ಲ.

ಇನ್ನು 12,906. ಒಂದು ಮೋಡ್‌ನಲ್ಲಿ ಎಷ್ಟು ಕರೆಂಟ್ ಅಂತ ಕೈಯಲ್ಲೇ ಲೆಕ್ಕ ಹಾಕಬಹುದು. ಸಂದಿಯ ಎರಡು ಬದಿಯ ಅಗಲ ಹಾಳೆಯನ್ನ ಎಲೆಕ್ಟ್ರಾನ್ ಸಾಗರ ಅಂದ್ಕೊಳ್ಳಿ. ಎಡಗಡೆ ಸಾಗರಕ್ಕೂ ಬಲಗಡೆ ಸಾಗರಕ್ಕೂ ವೋಲ್ಟೇಜ್ ವ್ಯತ್ಯಾಸ ವಿ. ಬಲಕ್ಕೆ ಹೋಗೋ ಎಲೆಕ್ಟ್ರಾನ್‌ಗಳು ಇವಿ ಅಷ್ಟು ಶಕ್ತಿಯ ಕಿಟಕಿಯಲ್ಲಿ ಹೆಚ್ಚಿಗೆ ಇರ್ತಾವೆ. ಆ ಕಿಟಕಿಯಲ್ಲಿ ಎಷ್ಟು ಸ್ಥಿತಿಗಳಿವೆ? ಒಂದು ಆಯಾಮದಲ್ಲಿ ಸ್ಥಿತಿಗಳ ಸಾಂದ್ರತೆ ವೇಗಕ್ಕೆ ವಿಲೋಮ. ಕರೆಂಟ್ ಬೇಕು ಅಂದ್ರೆ ಅದನ್ನ ಮತ್ತೆ ವೇಗದಿಂದ ಗುಣಿಸಬೇಕು. ವೇಗ ಮೇಲೂ ಕೆಳಗೂ ಹೊಡೆದುಹೋಗುತ್ತೆ! ಉಳಿಯೋದು 2ಇ²/ಎಚ್ ಗುಣಿಸು ವಿ, ಆ 2 ಸ್ಪಿನ್‌ದು (ಎಲೆಕ್ಟ್ರಾನ್‌ನ ಪುಟ್ಟ ಕಾಂತಗುಣ, ಮೇಲೆ ಅಥವಾ ಕೆಳಗೆ ಅಂತ ಎರಡೇ ದಿಕ್ಕು). ಯಾವ ವಸ್ತು, ಎಷ್ಟು ಉದ್ದ, ಎಲೆಕ್ಟ್ರಾನ್ ಎಷ್ಟು ಜೋರಾಗಿ ಓಡುತ್ತೆ, ಒಂದೂ ಲೆಕ್ಕಕ್ಕಿಲ್ಲ. ವಾಹಕತೆ 77.48 ಮೈಕ್ರೋಸೀಮೆನ್ಸ್, ತಲೆಕೆಳಗೆ ಮಾಡಿದರೆ ನಿಮ್ಮ 12,906 ಓಂ.

ಡಿಕ್ಕಿ ಇಲ್ಲ ಅಂದ್ರೆ ‘ಹೋದ ಎಲೆಕ್ಟ್ರಾನ್ ವಾಪಸ್ ಬರಲ್ಲ’ ಅಂತ ಅಷ್ಟೇ ಅರ್ಥ. ‘ಎಷ್ಟು ಬೇಕಾದರೂ ಎಲೆಕ್ಟ್ರಾನ್ ಹೋಗಬಹುದು’ ಅಂತ ಅಲ್ಲ.

ಧಾರವಾಡ_ಮಾಸ್ತರ · 10:31
ತಮ್ಮಾ, ನಿನ್ನ ಗೈಡ್ ಹೇಳಿದ್ದು ತಪ್ಪಲ್ಲ, ಆದ್ರ ಅರ್ಧಾ ಹೇಳ್ಯಾರ. ಸೂತ್ರಾ ಬಿಡು, 1988ರ ಮೂಲ ಪ್ರಯೋಗದ ಅಂಕಿ ನೋಡು. ಎರಡು ಗುಂಪು ಒಂದ ವರ್ಷ ಬೇರೆ ಬೇರೆ ಮಾಡಿದ್ರು. ಡಚ್ಚರದು ಒಂದು, ಅಂದ್ರ ಡೆಲ್ಫ್ಟ್ ವಿಶ್ವವಿದ್ಯಾಲಯ ಮತ್ತ ಫಿಲಿಪ್ಸ್ ಪ್ರಯೋಗಶಾಲೆ ಕೂಡಿ. ಕೇಂಬ್ರಿಜ್‌ನವರದು ಇನ್ನೊಂದು. ಡಚ್ಚರು ಸಂದಿ ಅಗಲಾ ಸೊನ್ನೆಯಿಂದ 360 ನ್ಯಾನೊಮೀಟರ್ ತನಕ ಒಯ್ದ್ರು, 16 ಮೆಟ್ಟಿಲ ಕಂಡವು. ಈಗ ಪೆನ್ಸಿಲ್ ತಗೋ. 360 ಭಾಗಿಸು 16, ಇಪ್ಪತ್ತೆರಡೂವರಿ. ಅವರ ಹಾಳ್ಯಾಗ ಚದರ ಸೆಂಟಿಮೀಟರಿಗೆ ಸುಮಾರು 3.6×10¹¹ ಎಲೆಕ್ಟ್ರಾನ್ ಇದ್ದವು. ಅದರಿಂದ ಫರ್ಮಿ ತರಂಗಾಂತರ (ಕರೆಂಟ್ ಒಯ್ಯೋ ಎಲೆಕ್ಟ್ರಾನ್‌ದ ಅಲೆಯ ಉದ್ದ) ತಗದ್ರ 42 ನ್ಯಾನೊಮೀಟರ್ ಬರ್ತದ, ಅರ್ಧಾ 21. ಇಪ್ಪತ್ತೆರಡೂವರಿಗೂ ಇಪ್ಪತ್ತೊಂದಕ್ಕೂ ಎಷ್ಟ ಅಂತರ ಐತಿ ನೋಡು! ನೀಲಿಹಾಳಿ ಬಾಯಿ ಹೇಳಿದ ಅರ್ಧ ತರಂಗಾಂತರ ಹಂಗ ಕಣ್ಣಿಗೆ ಕಾಣತೈತಿ. ಇದನ್ನ ಬೋರ್ಡ್ ಮ್ಯಾಲ ಬರದ್ರ ಎಕ್ಸಾಮಿನರ್ ಬಾಯಿ ಮುಚ್ಚತಾನ.

ತುಂಗಾತೀರ · 10:40
ಮಾಸ್ತರ್ರೇ, ಇದು ಭಾರಿ ಚೆನ್ನಾಗಿದೆ. ಸ್ಲೈಡ್‌ಗೆ ಹಾಕ್ತೀನಿ. ಆದರೆ ಬಿಸಿ?

ಕಡಲಬದಿ · 10:52
ನಾನು ಚಿಪ್ ಡಿಸೈನ್‌ನವ, ಫಿಸಿಕ್ಸ್ ಬಿಟ್ಟು ಸುಮಾರು ಕಾಲ ಆಯ್ತು. ಆದ್ರೂ ಒಂದು ಡೌಟು ಉಂಟು ಮಾರಾಯ್ರೆ. ಎಲ್ರೂ ಇದನ್ನ ‘ಕಾಂಟ್ಯಾಕ್ಟ್ ರೆಸಿಸ್ಟೆನ್ಸ್’ ಅಂತ ಹೇಳಿ ಕೈ ತೊಳ್ಕೊಳ್ತಾರೆ. ಕಾಂಟ್ಯಾಕ್ಟ್ ಇರೋದು ದೂರದಲ್ಲಿ, ಲೋಹ ಕರಗಿಸಿ ಇಳಿಸಿದ್ದು. ಅದನ್ನ ನಾನು ಮುಟ್ಟಲೇ ಇಲ್ಲ. ಮುಟ್ಟಿದ್ದು ನಡುವಿನ ಗೇಟನ್ನ. ಗೇಟ್ ತಿರುಗಿಸಿದ್ರೆ ರೆಸಿಸ್ಟೆನ್ಸ್ ಬದಲಾಗ್ತದೆ. ಹಾಗಾದ್ರೆ ಅದು ಕಾಂಟ್ಯಾಕ್ಟಿಂದು ಹೇಗೆ ಆಗ್ತದೆ? ಸಂದಿಯದ್ದೇ ಅಲ್ವಾ?

ನೀಲಿಹಾಳೆ · 11:05
ಒಳ್ಳೇ ಪ್ರಶ್ನೆ. ಇಲ್ಲಿ ಕಾಂಟ್ಯಾಕ್ಟ್ ಅಂದ್ರೆ ಆ ಲೋಹದ ಬೊಟ್ಟಲ್ಲ. ನೂರಾರು ಮೋಡ್ ಇರೋ ಅಗಲ ಜಾಗ ಒಂದೇ ಮೋಡ್ ಇರೋ ಕಿರಿದು ಜಾಗಕ್ಕೆ ಸೇರೋ ಬಾಯಿ. ಅಲ್ಲಿ ಬಹುಪಾಲು ಎಲೆಕ್ಟ್ರಾನ್‌ಗಳು ಹಿಂದಕ್ಕೆ ಹೋಗ್ತಾವೆ. ಗೇಟ್ ತಿರುಗಿಸಿದಾಗ ನೀವು ಬದಲಾಯಿಸ್ತಿರೋದು ಆ ಬಾಯಿಯನ್ನೇ.

ಲೋಹದ ಬೊಟ್ಟಿನ ರೆಸಿಸ್ಟೆನ್ಸ್ ಬೇರೆ ಇದ್ದೇ ಇರುತ್ತೆ. 1988ರ ಡಚ್ ಪ್ರಯೋಗದಲ್ಲಿ ಅದು ಸುಮಾರು 400 ಓಂ. ಅದನ್ನ ಕಳೆದ ಮೇಲೇ ಮೆಟ್ಟಿಲುಗಳು ಪೂರ್ಣಾಂಕದಲ್ಲಿ ಕೂತಿದ್ದು. ತುಂಗಾತೀರ, ಕಳೆಯೋದು ಮರೆತರೆ ಮೇಲಿನ ಮೆಟ್ಟಿಲುಗಳು ಒಂದರ ಮೇಲೊಂದು ಕುಗ್ಗಿ ಕಾಣ್ತಾವೆ, ಎಚ್ಚರ.

ಕಡಲಬದಿ · 11:09
ಬಾಯಿದ್ದು ಅಂತ ನೀವು ಹೇಳ್ತೀರಿ, ಸಂದಿದ್ದು ಅಂತ ನಾನು ಹೇಳ್ತೇನೆ. ಎರಡನ್ನೂ ಬೇರೆ ಮಾಡಿ ತೋರಿಸೋ ಅಳತೆ ಉಂಟಾ? ಇಲ್ಲದಿದ್ರೆ ಇದು ಬರೀ ಮಾತಿನ ಜಗಳ.

ಡೆಲ್ಫ್ಟ್‌ನ_ಚಳಿ · 11:30
ಉಂಟು 🙂 2001ರಲ್ಲಿ ನೇಚರ್‌ನಲ್ಲಿ ಬಂತು. ಒಂದು ಬ್ಯಾಲಿಸ್ಟಿಕ್ ಕ್ವಾಂಟಂ ತಂತಿ ಮಾಡಿ, ಅದರ ಮೈಗೇ ಎರಡು ವೋಲ್ಟೇಜ್ ಪ್ರೋಬ್ ಅಂಟಿಸಿದರು. ಪ್ರೋಬ್‌ಗಳ ಕಪ್ಲಿಂಗ್ ತುಂಬಾ ಸಣ್ಣದು, ತಂತಿಗೆ ತೊಂದರೆ ಕೊಡದಷ್ಟು. ಎರಡು ತುದಿಯಿಂದ ಅಳೆದರೆ 12.9 ಕಿಲೋಓಂ ಇದ್ದೇ ಇದೆ. ಮೈಮೇಲಿನ ಎರಡು ಪ್ರೋಬ್ ನಡುವೆ ಅಳೆದರೆ ಸೊನ್ನೆ. ಅಂದ್ರೆ ತಂತಿಯ ಉದ್ದಕ್ಕೂ ವೋಲ್ಟೇಜ್ ಇಳೀತಿಲ್ಲ, ಇಳಿಯೋದೆಲ್ಲ ಎರಡು ಬಾಯಿಗಳಲ್ಲಿ.

ಪ್ರೋಬ್ ಜೋರಾಗಿ ಕಪಲ್ ಆದರೆ ಆಟ ಕೆಡುತ್ತೆ. ಎಲೆಕ್ಟ್ರಾನ್ ಪ್ರೋಬ್ ಒಳಗೆ ಹೋಗಿ, ಎಲ್ಲಿಂದ ಬಂದೆ ಅನ್ನೋದನ್ನೇ ಮರೆತು ಈಚೆ ಬರುತ್ತೆ. ಆಗ ತಂತಿ ಎರಡು ತುಂಡಾದ ಲೆಕ್ಕ.

ಕಡಲಬದಿ · 11:34
ಇದು ಮಾತು. ಒಪ್ಪಿದೆ.

ಗೇಟ್‌ವೋಲ್ಟೇಜ್ · 11:47
ಬಿಸಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಎಲೆಕ್ಟ್ರಾನ್ ಸಂದಿ ದಾಟಿ ಆಚೆ ಬಂದಾಗ ಅದರ ಕೈಯಲ್ಲಿ ಹೆಚ್ಚುವರಿ ಶಕ್ತಿ ಇರುತ್ತೆ. ಅದನ್ನ ಉಳಿದ ಎಲೆಕ್ಟ್ರಾನ್‌ಗಳಿಗೆ, ಆಮೇಲೆ ಹರಳಿಗೆ ಹಂಚೋದು ಸಂದಿಯಿಂದ ಎಷ್ಟೋ ದೂರ ಹೋದ ಮೇಲೆ. ಅದು ಬಿಟ್ಟುಬಂದ ಖಾಲಿ ಜಾಗ ಈಚೆ ಕಡೆ ತುಂಬುವಾಗಲೂ ಅಷ್ಟೇ. ಹಾಗಾಗಿ ಬಿಸಿ ಎರಡೂ ಬದಿಯ ಸಾಗರದಲ್ಲಿ. ಸಂದಿ ತಣ್ಣಗೆ.

ಪ್ರಮಾಣ ನೋಡಿದರೆ ನಗು ಬರುತ್ತೆ. ನಾವು ಲಾಕ್-ಇನ್‌ನಿಂದ (ಒಂದೇ ಆವರ್ತನದ ಸಣ್ಣ ಸಿಗ್ನಲ್ ಕೊಟ್ಟು ಅದನ್ನ ಮಾತ್ರ ಅಳೆಯೋ ಯಂತ್ರ) ಕೊಡೋದು 10 ಮೈಕ್ರೋವೋಲ್ಟ್. 12.9 ಕಿಲೋಓಂನಲ್ಲಿ ಅದು 0.77 ನ್ಯಾನೋಆಂಪಿಯರ್, ಒಟ್ಟು ಬಿಸಿ 7.7 ಫೆಮ್ಟೋವಾಟ್. ಯಾಕೆ ಅಷ್ಟು ಕಮ್ಮಿ ಅಂದ್ರೆ, 100 ಮಿಲಿಕೆಲ್ವಿನ್‌ನಲ್ಲಿ ಕೆಟಿ (ಉಷ್ಣಾಂಶ ಕೊಡೋ ಶಕ್ತಿಯ ಅಳತೆ) ಅನ್ನೋದು 8.6 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್. ಅದಕ್ಕಿಂತ ಬಹಳ ಜಾಸ್ತಿ ವೋಲ್ಟೇಜ್ ಕೊಟ್ಟರೆ ಫ್ರಿಜ್ (ಸ್ಯಾಂಪಲ್ ಅನ್ನ ಮಿಲಿಕೆಲ್ವಿನ್‌ಗೆ ಇಳಿಸೋ ಲ್ಯಾಬ್ ಯಂತ್ರ) ತಣ್ಣಗಿದ್ದೂ ಎಲೆಕ್ಟ್ರಾನ್ ಬಿಸಿ. ಲಕ್ಷಾಂತರ ಸುರಿದು ತಣ್ಣಗೆ ಮಾಡಿದ್ದು ದಂಡ.

ಸುಮ್ನೆ_ಓದುಗ · 11:52
ಲಕ್ಷಾಂತರ ಅಂದ್ರಲ್ಲ, ಇದೆಲ್ಲ ಮಾಡಿ ಜನಸಾಮಾನ್ಯರಿಗೆ ಏನು ಉಪಯೋಗ ಸ್ವಾಮಿ? ಕೇಳ್ಬಾರದಾ?

ಬೋರ್‌ವೆಲ್ · 11:53
ಬಂತಪ್ಪಾ.

ಕಡಲಬದಿ · 11:58
ಕೇಳಬಹುದು. ನಿಮ್ಮ ಮನೆ ತಾರಸಿ ಮೇಲೆ ಡಿಟಿಎಚ್ ತಟ್ಟೆ ಉಂಟಲ್ಲ, ಅದರ ಮೂತಿಯ ಎಲ್‌ಎನ್‌ಬಿ ಒಳಗೆ ಸಿಗ್ನಲ್ ದೊಡ್ಡದು ಮಾಡೋದು ಹೆಮ್ಟ್ ಅನ್ನೋ ಟ್ರಾನ್ಸಿಸ್ಟರ್. 1980ರಲ್ಲಿ ಜಪಾನಿನ ಫುಜಿತ್ಸು ಕಂಪನಿಯ ತಕಾಶಿ ಮಿಮುರಾ ಮಾಡಿದ್ದು. ಈ ಹುಡುಗ ಸೆಮಿನಾರ್ ಕೊಡ್ತಾ ಇರೋದೂ ಅಂಥದ್ದೇ ಎಲೆಕ್ಟ್ರಾನ್ ಹಾಳೆಯ ಮೇಲೆ. ಡೋಪಿಂಗ್ ಅಣುಗಳು ಒಂದು ಪದರದಲ್ಲಿ, ಓಡೋ ಎಲೆಕ್ಟ್ರಾನ್ ಇನ್ನೊಂದರಲ್ಲಿ. ಅದಕ್ಕೇ ಅಷ್ಟು ಸಲೀಸಾಗಿ ಓಡ್ತವೆ. ಧಾರಾವಾಹಿ ನೋಡುವಾಗ ನೆನಪು ಮಾಡಿಕೊಳ್ಳಿ.

ಸುಮ್ನೆ_ಓದುಗ · ಭಾನುವಾರ ಬೆಳಗ್ಗೆ 12:01
ನಮ್ಮನೇಲಿ ಈಗ ಫೈಬರ್ 😌 ಆದ್ರೂ ಸರಿ. ಮತ್ತೆ ಕ್ಯೂಎಲ್‌ಇಡಿ ಟಿವಿಯಲ್ಲಿ ಇರೋ ಕ್ವಾಂಟಂ ಡಾಟೂ ಇದೇನಾ? 2023ರಲ್ಲಿ ನೊಬೆಲ್ ಬಂತಲ್ಲ?

ಡೆಲ್ಫ್ಟ್‌ನ_ಚಳಿ · 12:10
ಹೆಸರೊಂದೇ, ತಳಿ ಬೇರೆ. 2023ರ ರಸಾಯನಶಾಸ್ತ್ರ ನೊಬೆಲ್ ಎಕಿಮೊವ್, ಬ್ರೂಸ್, ಬವೆಂಡಿ ಅವರಿಗೆ ಬಂದಿದ್ದು ಗಾಜಿನಲ್ಲಿ, ದ್ರಾವಣದಲ್ಲಿ ಬೆಳೆಸೋ ಕೆಲವೇ ನ್ಯಾನೊಮೀಟರ್ ಹರಳುಗಳಿಗೆ. ಅಂಗಡಿಯಲ್ಲಿ ಸಿಗೋ ಟಿವಿಗಳಲ್ಲಿ ಸಾಮಾನ್ಯವಾಗಿ ಅವಕ್ಕೆ ತಂತಿಯ ಸಹವಾಸ ಇಲ್ಲ. ನೀಲಿ ಬೆಳಕು ಕುಡಿದು ಕೆಂಪು, ಹಸಿರು ಉಗುಳ್ತಾವೆ. ನಾವಿಲ್ಲಿ ಮಾತಾಡ್ತಿರೋ ಡಾಟ್‌ಗೆ ಎರಡು ಕಡೆ ತಂತಿ, ಒಳಗಿರೋ ಎಲೆಕ್ಟ್ರಾನ್‌ಗಳನ್ನ ಒಂದೊಂದಾಗಿ ಎಣಿಸಬಹುದು.

ಗೇಟ್‌ವೋಲ್ಟೇಜ್ · ಭಾನುವಾರ ಬೆಳಗ್ಗೆ 8:20
ಎರಡನೇ ಪ್ರಶ್ನೆಗೆ ಬರೋಣ, ನಿಜವಾದ ಮಜ ಇರೋದು ಅಲ್ಲಿ.

ತುಂಗಾತೀರ, ನಿನ್ನ ಪಾಯಿಂಟ್ ಕಾಂಟ್ಯಾಕ್ಟ್ ಎರಡನ್ನ ಸಾಲಾಗಿ ಇಡು. ನಡುವೆ ಸಿಕ್ಕಿದ ಜಾಗವೇ ಡಾಟ್. ಎರಡೂ ಸಂದಿ ಪೂರ್ತಿ ತೆರೆದಿದ್ದರೆ ಅದು ಬರೀ ಒಂದು ಗುಂಡಿ, ಎಲೆಕ್ಟ್ರಾನ್ ಬರ್ತಾ ಹೋಗ್ತಾ ಇರುತ್ತೆ, ಒಳಗೆ ಎಷ್ಟಿವೆ ಅನ್ನೋದಕ್ಕೆ ಅರ್ಥವೇ ಇಲ್ಲ. ಸಂದಿ ಮುಚ್ತಾ ಬಾ. ಒಂದು ಹಂತ ದಾಟಿದ ಮೇಲೆ ಒಳಗಿನ ಸಂಖ್ಯೆ ಪೂರ್ಣಾಂಕಕ್ಕೆ ಬಂದು ಕೂರುತ್ತೆ. ಇನ್ನೊಂದು ಎಲೆಕ್ಟ್ರಾನ್ ಸೇರಿಸಬೇಕು ಅಂದ್ರೆ ಇ²/ಸಿ ಅಷ್ಟು ಶಕ್ತಿ ಕೊಡಬೇಕು. ಡಾಟ್‌ನ ಕೆಪಾಸಿಟೆನ್ಸ್ 100 ಅಟೋಫ್ಯಾರಡ್ ಅಂದ್ಕೋ, 1.6 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಬರುತ್ತೆ. ಉಷ್ಣಾಂಶಕ್ಕೆ ತಿರುಗಿಸಿದರೆ ಸುಮಾರು 18 ಕೆಲ್ವಿನ್. ಫ್ರಿಜ್ ಅದಕ್ಕಿಂತ ತುಂಬಾ ತಣ್ಣಗಿದ್ದರೆ ಕರೆಂಟ್ ಬಂದ್. ಇದೇ ಕೂಲಂಬ್ ಬ್ಲಾಕೇಡ್. ಗೇಟ್ ತಿರುಗಿಸ್ತಾ ಹೋದರೆ ಒಂದೊಂದು ಎಲೆಕ್ಟ್ರಾನ್‌ಗೂ ಒಂದು ಮೊನಚು ಶಿಖರ, ನಡುವೆ ಸೊನ್ನೆ.

ಆ ‘ಒಂದು ಹಂತ’ ಯಾವುದು ಅಂತ ಕೇಳು.

ತುಂಗಾತೀರ · 8:34
ಯಾವುದು ಅಣ್ಣಾ? 😅

ಗೇಟ್‌ವೋಲ್ಟೇಜ್ · 8:41
ಡಾಟ್ ಮೇಲಿನ ಎಲೆಕ್ಟ್ರಾನ್ ಸೋರಿಹೋಗೋಕೆ ಆಗೋ ಸಮಯ ಆರ್ (ಸಂದಿಯ ರೆಸಿಸ್ಟೆನ್ಸ್) ಗುಣಿಸು ಸಿ. ಅನಿಶ್ಚಿತತೆ ತತ್ತ್ವದ ಪ್ರಕಾರ ಅಷ್ಟು ಸಮಯ ಮಾತ್ರ ಇರೋ ಸ್ಥಿತಿಯ ಶಕ್ತಿ ಎಚ್/ಆರ್‌ಸಿ ಅಷ್ಟು ಮಸುಕು. ಆ ಮಸುಕು ಇ²/ಸಿ ಗಿಂತ ಕಮ್ಮಿ ಇರಬೇಕು. ಸಿ ಎರಡೂ ಕಡೆ ಹೋಯ್ತು. ಉಳಿದದ್ದು: ಆರ್ ಎಚ್/ಇ² ಗಿಂತ ಜಾಸ್ತಿ, ಅಂದ್ರೆ 25,813 ಓಂ. ನಿನ್ನ 12,906ರ ಸರಿಯಾಗಿ ಎರಡು ಪಟ್ಟು. ಮೋಡ್ ಪೂರ್ತಿ ತೆರೆದಿದ್ದರೆ ತಂತಿ, ಮುಚ್ಚಿದರೆ ಪೆಟ್ಟಿಗೆ. ನಡುವಿನ ಗಡಿ ಕಾಯೋದು ಅದೇ ಎಚ್, ಅದೇ ಇ. ನನಗಂತೂ ಇಡೀ ಈ ವಿಷಯದಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಧಾರವಾಡ_ಮಾಸ್ತರ · 9:02
ಈ 25,813 ಭಾಳ ದೊಡ್ಡ ಮನಿತನದ ಅಂಕಿ. 1980ರಾಗ ಗ್ರೆನೋಬಲ್‌ನ್ಯಾಗ ಫೊನ್ ಕ್ಲಿಟ್ಸಿಂಗ್ ಹಾಲ್ ರೋಧದಾಗ (ಕಾಂತಕ್ಷೇತ್ರದಾಗ ಕರೆಂಟಿಗೆ ಅಡ್ಡಲಾಗಿ ಅಳಿಯೋ ರೋಧ) ಇದನ್ನ ಕಂಡು 1985ರಾಗ ನೊಬೆಲ್ ತಗೊಂಡ. 2019ರ ಮೇ 20ರಿಂದ ಎಚ್ ಮತ್ತ ಇ ಎರಡನ್ನೂ ನಿಶ್ಚಿತ ಅಂಕಿ ಅಂತ ಜಗತ್ತು ಒಪ್ಪೇತಿ, ಹಂಗಾಗಿ ಇದಕ್ಕ ಈಗ ದೋಷದ ಪಟ್ಟಿನ ಇಲ್ಲ. ಓಂ ಅಳತಿ ಮಾಡೋ ಪ್ರಯೋಗಶಾಲಾ ಎಲ್ಲಾ ಇದನ್ನ ಹಿಡಕೊಂಡ ಕುಂತಾವ.

ಡೆಲ್ಫ್ಟ್‌ನ_ಚಳಿ · 9:40
ಗೇಟ್‌ವೋಲ್ಟೇಜ್ ಅವರ ‘ಮುಚ್ಚಿದರೆ ಪೆಟ್ಟಿಗೆ’ಗೆ ಒಂದು ತಕರಾರು. ಮುಚ್ಚಿಯೂ ಮುಚ್ಚದ ಹಾಗೆ ಇಟ್ಟರೆ? ಡಾಟ್‌ನಲ್ಲಿ ಬೆಸ ಸಂಖ್ಯೆಯ ಎಲೆಕ್ಟ್ರಾನ್ ಇದ್ದು, ತಂತಿಗೆ ಕಪ್ಲಿಂಗ್ ಸ್ವಲ್ಪ ಜೋರಾಗಿದ್ದರೆ, ಬ್ಲಾಕೇಡ್ ಇರಬೇಕಾದ, ಎರಡು ಶಿಖರಗಳ ನಡುವಿನ ಕಣಿವೆಯಲ್ಲೇ ಕರೆಂಟ್ ಹರಿಯುತ್ತೆ. ಅದೂ ತಣ್ಣಗೆ ಮಾಡಿದಷ್ಟೂ ಜಾಸ್ತಿ! ಕೊಂಡೊ ಪರಿಣಾಮ. ಒಂಟಿ ಎಲೆಕ್ಟ್ರಾನ್‌ನ ಸ್ಪಿನ್ ಅನ್ನ ಎರಡೂ ತಂತಿಯ ಎಲೆಕ್ಟ್ರಾನ್‌ಗಳು ಸೇರಿ ಮುಚ್ಚಿಹಾಕ್ತಾವೆ, ಆ ನೆಪದಲ್ಲಿ ದಾರಿ ತೆರೆಯುತ್ತೆ.

ಡಾಟ್‌ನಲ್ಲಿ ಇದು ಕಂಡಿದ್ದು 1998ರಲ್ಲಿ. 2000ದಲ್ಲಿ ಡೆಲ್ಫ್ಟ್‌ನವರು ಕಣಿವೆ ಪೂರ್ತಿ ತುಂಬಿ ವಾಹಕತೆ 2ಇ²/ಎಚ್ ಮುಟ್ಟಿದ್ದನ್ನ ತೋರಿಸಿದರು. ನೋಡಿ, ಸುತ್ತಿ ಬಳಸಿ ಮತ್ತೆ ಅದೇ ಅಂಕಿ, ಪೆಟ್ಟಿಗೆ ಮುಚ್ಚಿದ್ದರೂ.

ನೀಲಿಹಾಳೆ · 9:55
ಇದರ ತಮಾಷೆ ಅಂದ್ರೆ ಲೋಹದಲ್ಲಿ ಉಲ್ಟಾ. 1934ರಲ್ಲಿ ಲೈಡನ್‌ನಲ್ಲಿ ಚಿನ್ನದ ತಂತಿ ತಣ್ಣಗೆ ಮಾಡ್ತಾ ಹೋದಾಗ ಒಂದು ಹಂತದ ನಂತರ ರೆಸಿಸ್ಟೆನ್ಸ್ ಏರಿತು, ಮೂವತ್ತು ವರ್ಷ ಯಾರಿಗೂ ಕಾರಣ ಹೊಳೀಲಿಲ್ಲ. 1964ರಲ್ಲಿ ಜುನ್ ಕೊಂಡೊ ಬಿಡಿಸಿದರು. ಅಲ್ಲಿ ಒಂಟಿ ಸ್ಪಿನ್‌ಗೆ ತಾಗಿ ಎಲೆಕ್ಟ್ರಾನ್ ಚದುರೋದು ದಾರಿಗೆ ಅಡ್ಡ. ಡಾಟ್‌ನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ಚದುರುವುದೊಂದೇ ದಾರಿ, ಹಾಗಾಗಿ ವಾಹಕತೆ ಏರುತ್ತೆ.

ಗೇಟ್‌ವೋಲ್ಟೇಜ್ · 10:03
ತಕರಾರು ಒಪ್ಪಲ್ಲ 🙂 ನಾನು ಹೇಳಿದ್ದೇ ಅದು, ಗಡಿಯ ಹತ್ತಿರ ಹೋದಷ್ಟೂ ಪೆಟ್ಟಿಗೆ ಪೆಟ್ಟಿಗೆಯಾಗಿ ಉಳಿಯಲ್ಲ ಅಂತ. ಕೊಂಡೊ ಬರೋದು ಕಪ್ಲಿಂಗ್ ಜಾಸ್ತಿ ಇರುವಾಗಲೇ ತಾನೆ? ಸಂದಿ ಇನ್ನೊಂದಿಷ್ಟು ಮುಚ್ಚಿ ನೋಡಿ, ಕೊಂಡೊ ಉಷ್ಣಾಂಶ ಘಾತೀಯವಾಗಿ ಬೀಳುತ್ತೆ, ನಿಮ್ಮ ಫ್ರಿಜ್ ತಲುಪದ ಕಡೆಗೆ.

ಡೆಲ್ಫ್ಟ್‌ನ_ಚಳಿ · 10:06
ತಲುಪಲ್ಲ ಅಂದ್ರೆ ಇಲ್ಲ ಅಂತ ಅಲ್ಲವಲ್ಲ ಮಾರಾಯ. ಸೈದ್ಧಾಂತಿಕವಾಗಿ ಬೆಸ ಕಣಿವೆಯ ತಳದಲ್ಲಿ ಅದು ಯಾವಾಗಲೂ ಇದೆ.

ಗೇಟ್‌ವೋಲ್ಟೇಜ್ · 10:08
ಸೈದ್ಧಾಂತಿಕವಾಗಿ ನನ್ನ ಥೀಸಿಸ್ಸೂ ಮುಗಿದಿದೆ.

ಬೋರ್‌ವೆಲ್ · 10:09
😂😂

ತುಂಗಾತೀರ · 10:30
ಡಬಲ್ ಡಾಟ್ ಕಡೆ ಬರ್ತೀರಾ? ಜೇನುಗೂಡಿನ ಚಿತ್ರ ಇದೆಯಲ್ಲ, ಎರಡು ಗೇಟ್ ವೋಲ್ಟೇಜ್ ಎಕ್ಸ್, ವೈ ಮೇಲೆ, ಷಟ್ಕೋನಗಳು. ಅದು ಯಾವ ಕಪ್ಲಿಂಗ್‌ನಿಂದ?

ನೀಲಿಹಾಳೆ · 11:12
ಎರಡೂ ಅದರಲ್ಲೇ ಕಾಣುತ್ತೆ, ಬೇರೆ ಬೇರೆ ಜಾಗದಲ್ಲಿ. ಕಾಗದ ತಗೊಂಡು ಬರೀತಾ ಓದಿ.

ಎರಡು ಡಾಟ್‌ಗೂ ಸಂಬಂಧವೇ ಇಲ್ಲ ಅಂದ್ಕೊಳ್ಳಿ. ಎಡ ಡಾಟ್‌ಗೆ ಎಲೆಕ್ಟ್ರಾನ್ ಸೇರೋ ಗೆರೆಗಳು ಲಂಬ, ಬಲದ್ದು ಅಡ್ಡ. ಚೌಕಟ್ಟು ಚೌಕಟ್ಟಾದ ಜಾಲರಿ, ಮೂಲೆಯಲ್ಲಿ ನಾಲ್ಕು ಕೋಣೆ ಕೂಡ್ತಾವೆ.

ಈಗ ಕೆಪಾಸಿಟಿವ್ ಕಪ್ಲಿಂಗ್ ಹಾಕಿ. ಎಡಕ್ಕೆ ಒಂದು ಎಲೆಕ್ಟ್ರಾನ್ ಬಂದರೆ ಬಲದಲ್ಲಿರೋದಕ್ಕೆ ತಳ್ಳಾಟ ತಿಳಿಯುತ್ತೆ, ಬಲದ ಗೆರೆ ಸ್ವಲ್ಪ ಸರಿಯುತ್ತೆ. ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹಾರಬೇಕು ಅಂತೇನಿಲ್ಲ, ಬರೀ ವಿದ್ಯುದಾವೇಶದ ತಳ್ಳಾಟ. ಆಗ ನಾಲ್ಕು ಕೂಡೋ ಮೂಲೆ ಒಡೆದು ಮೂರು ಮೂರು ಕೂಡೋ ಎರಡು ಬಿಂದು ಆಗುತ್ತೆ, ಚೌಕ ಷಟ್ಕೋನ ಆಗುತ್ತೆ. ಆ ಎರಡು ಬಿಂದುಗಳ ನಡುವಿನ ದೂರವೇ ಕೆಪಾಸಿಟಿವ್ ಕಪ್ಲಿಂಗ್‌ನ ಅಳತೆ. ಇದಕ್ಕೆ ಕ್ವಾಂಟಂ ಬೇಕಾಗಿಲ್ಲ, ಕೆಪಾಸಿಟರ್ ಜಾಲದ ಲೆಕ್ಕ ಬರೋ ಡಿಪ್ಲೊಮಾ ಹುಡುಗನೂ ಬರೀತಾನೆ.

ಕೊನೆಗೆ ಟನಲ್ ಕಪ್ಲಿಂಗ್. ಈಗ ಒಂದೇ ಎಲೆಕ್ಟ್ರಾನ್ ಎಡದಲ್ಲೂ ಬಲದಲ್ಲೂ ಹರಡಿಕೊಳ್ಳಬಹುದು. ಎರಡು ಮಟ್ಟ ಒಂದಕ್ಕೊಂದು ಅಡ್ಡ ಬರೋ ಕಡೆ ದಾಟಿಹೋಗದೆ 2ಟಿ (ಟಿ ಅಂದ್ರೆ ಟನಲ್ ಕಪ್ಲಿಂಗ್‌ನ ಅಳತೆ, ಉಷ್ಣಾಂಶ ಅಲ್ಲ) ಅಷ್ಟು ಅಂತರ ಬಿಟ್ಟು ಬಾಗ್ತಾವೆ. ಚಿತ್ರದಲ್ಲಿ ಷಟ್ಕೋನದ ಚೂಪು ಮೂಲೆಗಳು ದುಂಡಗಾಗ್ತಾವೆ. ಮೂಲೆ ಎಷ್ಟು ಒಡೆದಿದೆ ಅನ್ನೋದು ಒಂದು ಪ್ರಶ್ನೆ, ಎಷ್ಟು ದುಂಡಗಾಗಿದೆ ಅನ್ನೋದು ಬೇರೆ ಪ್ರಶ್ನೆ. ಜನ ಎರಡನ್ನೂ ‘ಇಂಟರ್‌ಡಾಟ್ ಕಪ್ಲಿಂಗ್’ ಅಂತ ಒಂದೇ ಚೀಲಕ್ಕೆ ಹಾಕಿ ಗೊಂದಲ ಮಾಡ್ತಾರೆ. ರಿವ್ಯೂಗೆ ಬರೋ ಪೇಪರ್‌ಗಳಲ್ಲೂ ನೋಡಿದೀನಿ, ಸಿಟ್ಟು ಬರುತ್ತೆ.

ಕಡಲಬದಿ · 11:20
ಮೇಡಂ, ದುಂಡಗಾಗಿದ್ದು ಬರೀ ಉಷ್ಣಾಂಶದಿಂದ ಮಸುಕಾಗಿದ್ದಲ್ಲ ಅಂತ ಹೇಗೆ ಗೊತ್ತಾಗೋದು?

ಗೇಟ್‌ವೋಲ್ಟೇಜ್ · 11:41
ಲ್ಯಾಬ್‌ನಲ್ಲಿ ದಿನಾ ಹೊಡೆದಾಡೋದು ಇದಕ್ಕೇ. ಉಷ್ಣಾಂಶ ಗೆರೆಯನ್ನ ದಪ್ಪ ಮಾಡುತ್ತೆ, ಬಾಗಿಸಲ್ಲ. ಟನಲ್ ಕಪ್ಲಿಂಗ್ ಗೆರೆಯನ್ನೇ ಬಾಗಿಸುತ್ತೆ. ಆದರೆ ಬಾಗು ದಪ್ಪಕ್ಕಿಂತ ಸಣ್ಣದಿದ್ದರೆ ಯಾವ ದೇವರೂ ಬೇರೆ ಮಾಡಲಾರ. 4.2 ಕೆಲ್ವಿನ್‌ನಲ್ಲಿ ಕೆಟಿ 362 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್. ಟಿ 10 ಇದ್ದರೆ ಅದರಲ್ಲಿ ಮುಳುಗಿಹೋಗುತ್ತೆ. ಅದಕ್ಕೇ ಮಿಲಿಕೆಲ್ವಿನ್ ಫ್ರಿಜ್.

ಇನ್ನೊಂದು ದಾರಿ, ಪಕ್ಕದಲ್ಲಿ ಒಂದು ಪಾಯಿಂಟ್ ಕಾಂಟ್ಯಾಕ್ಟ್ ಇಟ್ಟು ಅದನ್ನ ಮೆಟ್ಟಿಲ ಮೇಲೆ ಅಲ್ಲ, ಮೊದಲ ಮೆಟ್ಟಿಲು ಏರೋ ಇಳಿಜಾರಿನ ನಡುವೆ ನಿಲ್ಲಿಸೋದು. ಅಲ್ಲಿ ಅದು ಅತಿ ಸೂಕ್ಷ್ಮ. ಡಾಟ್‌ನಲ್ಲಿ ಒಂದು ಎಲೆಕ್ಟ್ರಾನ್ ಆಚೀಚೆ ಆದರೂ ಅದರ ಕರೆಂಟ್ ನೆಗೆಯುತ್ತೆ. 1993ರಲ್ಲಿ ಕೇಂಬ್ರಿಜ್‌ನವರು ತೋರಿಸಿದ ವಿದ್ಯೆ. ಎಲೆಕ್ಟ್ರಾನ್ ಎಡದಿಂದ ಬಲಕ್ಕೆ ಹೋಗೋ ಗೆರೆಗೆ ಅಡ್ಡಲಾಗಿ ಒಂದು ಸ್ಕ್ಯಾನ್ ತಗೊಂಡರೆ ಆ ನೆಗೆತದ ಅಗಲದಲ್ಲಿ ಟಿ ಸಿಗುತ್ತೆ. ಉಷ್ಣಾಂಶ ಬದಲಿಸಿ ಬದಲಿಸಿ ತಗೊಳ್ಳಿ. ತಣ್ಣಗೆ ಮಾಡಿದರೂ ಅಗಲ ಇಳಿಯದೆ ನಿಂತರೆ ಅದು ಟಿ, ಇಳೀತಾ ಇದ್ದರೆ ಅದು ಬಿಸಿ. ತುಂಗಾತೀರ, ನಿನ್ನ ಸೆಮಿನಾರಿನ ಪಾಯಿಂಟ್ ಕಾಂಟ್ಯಾಕ್ಟ್‌ಗೆ ಇವತ್ತು ಇರೋ ಮುಖ್ಯ ಕೆಲಸಗಳಲ್ಲಿ ಇದೂ ಒಂದು.

ತುಂಗಾತೀರ · 11:50
ಓಹ್. ಅದು ಗೊತ್ತೇ ಇರಲಿಲ್ಲ.

ಧಾರವಾಡ_ಮಾಸ್ತರ · 12:05
ಎಕ್ಸ್‌ಚೇಂಜ್ ಉಳೀತಲ್ಲಾ. ಯಾರರ ಹೇಳ್ರಿ, ನನಗೂ ತಿಳಕೋಬೇಕಾಗೇತಿ.

ಡೆಲ್ಫ್ಟ್‌ನ_ಚಳಿ · 12:48
ಒಂದೊಂದು ಡಾಟ್‌ನಲ್ಲಿ ಒಂದೊಂದು ಎಲೆಕ್ಟ್ರಾನ್. ಸ್ಪಿನ್‌ಗಳು ವಿರುದ್ಧವಾಗಿದ್ದು ಸಿಂಗ್ಲೆಟ್ ಆದರೆ ಒಂದು ಕ್ಷಣ ಪಕ್ಕದ ಡಾಟ್‌ಗೆ ಹಾರಿ ವಾಪಸ್ ಬರಬಹುದು, ಆಗ ಶಕ್ತಿ ಸ್ವಲ್ಪ ಇಳಿಯುತ್ತೆ. ಟ್ರಿಪ್ಲೆಟ್ (ಸ್ಪಿನ್‌ಗಳು ಒಟ್ಟುಗೂಡಿದ ಜೋಡಿ) ಆದರೆ ಪೌಲಿ ನಿಯಮ (ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಕೂರಲ್ಲ ಅನ್ನೋದು) ಬಿಡಲ್ಲ. ಆ ವ್ಯತ್ಯಾಸವೇ ಜೆ, ಸುಮಾರು 4ಟಿ²/ಯು (ಯು ಅಂದ್ರೆ ಒಂದೇ ಡಾಟ್‌ನಲ್ಲಿ ಎರಡು ಎಲೆಕ್ಟ್ರಾನ್ ಕೂರಿಸೋಕೆ ಬೇಕಾದ ಹೆಚ್ಚುವರಿ ಶಕ್ತಿ). ಹಾಗಾಗಿ ಎಕ್ಸ್‌ಚೇಂಜ್ ಬೇರೆ ಜಾತಿ ಅಲ್ಲ, ಟನಲ್ ಕಪ್ಲಿಂಗ್‌ನ ಮಗು. ಟಿ 10 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್, ಯು 1 ಮಿಲಿ ಅಂದರೆ ಜೆ 0.4 ಮೈಕ್ರೋ, ಆವರ್ತನದಲ್ಲಿ ಸುಮಾರು 97 ಮೆಗಾಹರ್ಟ್ಸ್. ನಡುವಿನ ಗೇಟ್ ಮುಟ್ಟಿ ಟಿ ಎರಡು ಪಟ್ಟು ಮಾಡಿದರೆ ಜೆ ನಾಲ್ಕು ಪಟ್ಟು. ಟಿ ಗೇಟ್ ವೋಲ್ಟೇಜಿಗೆ ಘಾತೀಯವಾಗಿ ಬದಲಾಗೋದರಿಂದ, ಗೇಟ್‌ನ ಒಂಚೂರು ಗದ್ದಲವೂ ನೇರ ಜೆಗೆ ಬಡಿಯುತ್ತೆ.

1998ರಲ್ಲಿ ಲಾಸ್ ಮತ್ತು ಡಿವಿನ್ಸೆಂಜೊ ಇದನ್ನೇ ಹಿಡಿದು ಸ್ಪಿನ್ ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರ್‌ನ ಬಿಟ್) ಮಾಡಬಹುದು ಅಂದರು. 2005ರಲ್ಲಿ ಹಾರ್ವರ್ಡ್‌ನಲ್ಲಿ ಮಾಡಿ ತೋರಿಸಿದರು. ಎರಡು ಸ್ಪಿನ್‌ಗಳ ಅರ್ಧ ಅದಲುಬದಲು 180 ಪಿಕೋಸೆಕೆಂಡ್‌ನಲ್ಲಿ.

ಗೇಟ್‌ವೋಲ್ಟೇಜ್ · 12:55
ಅದೇ ಪ್ರಯೋಗದಲ್ಲಿ ಸ್ಪಿನ್ 10 ನ್ಯಾನೋಸೆಕೆಂಡ್‌ಗೆ ದಿಕ್ಕು ತಪ್ಪಿದ್ದನ್ನೂ ಹೇಳಿ! ಗ್ಯಾಲಿಯಂ, ಆರ್ಸೆನಿಕ್ ಎರಡರ ನ್ಯೂಕ್ಲಿಯಸ್‌ಗೂ ಸ್ಪಿನ್ 3/2. ಸುತ್ತ ಇರೋ ಲಕ್ಷಾಂತರ ನ್ಯೂಕ್ಲಿಯಸ್‌ಗಳು ಸೇರಿ ಎಲೆಕ್ಟ್ರಾನ್ ತಲೆ ತಿರುಗಿಸ್ತಾವೆ. ಸಿಲಿಕಾನ್‌ನಲ್ಲಿ ಆ ರಗಳೆ ಕಮ್ಮಿ, ಸಿಲಿಕಾನ್-29 ಮಾತ್ರ ಸ್ಪಿನ್ ಇರೋದು, ಅದು 4.7 ಶೇಕಡಾ. ಶುದ್ಧ ಮಾಡಿ 28 ಮಾತ್ರ ಉಳಿಸಿಕೊಂಡರೆ ಇನ್ನೂ ಶಾಂತ. ಅದಕ್ಕೇ ಎಲ್ಲ ಆ ಕಡೆ ವಲಸೆ ಹೋದರು. ಗ್ಯಾಲಿಯಂ ಆರ್ಸೆನೈಡ್ ಕ್ಯೂಬಿಟ್ ಕಥೆ ಮುಗೀತು ಅಂತ ನನ್ನ ಅಭಿಪ್ರಾಯ.

ಡೆಲ್ಫ್ಟ್‌ನ_ಚಳಿ · 1:02
ಮುಗೀತು ಅನ್ನೋದು ಜಾಸ್ತಿ ಆಯ್ತು. ಎಕೋ (ದಿಕ್ಕು ತಪ್ಪಿದ ಸ್ಪಿನ್ ಅನ್ನ ಮತ್ತೆ ಸಾಲಿಗೆ ತರೋ ತಂತ್ರ) ಹಾಕಿ ಅದೇ 2005ರಲ್ಲೇ ಒಂದು ಮೈಕ್ರೋಸೆಕೆಂಡ್ ದಾಟಿಸಿದರು. ಸಿಲಿಕಾನ್‌ಗೆ ತನ್ನದೇ ‘ವ್ಯಾಲಿ’ ರಗಳೆ ಇದೆ (ಹೆಚ್ಚುಕಮ್ಮಿ ಒಂದೇ ಶಕ್ತಿಯಲ್ಲಿ ಎಲೆಕ್ಟ್ರಾನ್ ಕೂರೋಕೆ ಒಂದಕ್ಕಿಂತ ಹೆಚ್ಚು ಜಾಗ), ಎಲೆಕ್ಟ್ರಾನ್ ದ್ರವ್ಯರಾಶಿ ಜಾಸ್ತಿ, ಡಾಟ್ ಇನ್ನೂ ಸಣ್ಣದು ಮಾಡಬೇಕು. ಮಾಡಿ ನೋಡಿದವರಿಗೆ ಗೊತ್ತು.

ಸುಮ್ನೆ_ಓದುಗ · 1:10
ನಮ್ಮ ದೇಶದಲ್ಲಿ ಇದೆಲ್ಲ ಆಗ್ತಿದೆಯಾ, ಅಥವಾ ಡೆಲ್ಫ್ಟು ಹಾರ್ವರ್ಡು ಮಾತ್ರನಾ?

ಗೇಟ್‌ವೋಲ್ಟೇಜ್ · 1:19
2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ನ್ಯಾಷನಲ್ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ಒಪ್ಪಿತು. ನಾಲ್ಕು ಹಬ್. ಕಂಪ್ಯೂಟಿಂಗ್ ಹಬ್ ಬೆಂಗಳೂರಿನ ಐಐಎಸ್‌ಸಿಯಲ್ಲಿ. ದುಡ್ಡು ಮಂಜೂರಾಗೋದು ಬೇರೆ, ಫ್ರಿಜ್ ಬಂದು ಇಳಿಯೋದು ಬೇರೆ, ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ಕೊಳೆಯೋದು ಇನ್ನೂ ಬೇರೆ. ಅದರ ಬಗ್ಗೆ ಬರೆಯೋಕೆ ಹೊರಟರೆ ಇನ್ನೊಂದು ಥ್ರೆಡ್ ಬೇಕು.

ಬೋರ್‌ವೆಲ್ · 1:22
ಆ ಫ್ರಿಜ್‌ಗೆ ಹಾಕೋ ಹೀಲಿಯಂ-3 ಅಣುಬಾಂಬಿನಿಂದ ಬರುತ್ತಂತೆ, ಹೌದಾ?

ಗೇಟ್‌ವೋಲ್ಟೇಜ್ · 1:26
ಬಾಂಬಿಗೆ ಅಂತ ಮಾಡಿಟ್ಟ ಟ್ರಿಟಿಯಂ ಕೊಳೆತು ಬರೋದು, ಅರ್ಧಾಯುಷ್ಯ 12.3 ವರ್ಷ. ಅದಕ್ಕೇ ಆ ಬೆಲೆ. ಒಂದು ಸಲ ತುಂಬಿಸಿದರೆ ಸುತ್ತಿ ಸುತ್ತಿ ಅದೇ ಓಡುತ್ತೆ, ಸೋರಿದರೆ ಮಾತ್ರ ಲ್ಯಾಬ್‌ನಲ್ಲಿ ಸೂತಕ.

ತುಂಗಾತೀರ · 4:15
ಸ್ಲೈಡ್ ಪ್ಲಾನ್: ಮೊದಲು ಮಾಸ್ತರ್ರ 360/16, ಆಮೇಲೆ ವೇಗ ಹೊಡೆದುಹೋಗೋ ಲೆಕ್ಕ, ಆಮೇಲೆ 2001ರ ನಾಲ್ಕು ತುದಿ ಅಳತೆ, ಕೊನೆಗೆ ಡಬಲ್ ಡಾಟ್. ಗ್ರಾಫ್‌ನಲ್ಲಿ ಮೊದಲ ಮೆಟ್ಟಿಲ ಕೆಳಗೆ, 2ಇ²/ಎಚ್‌ನ 0.7 ಪಟ್ಟು ಹತ್ತಿರ ಒಂದು ಭುಜ ಕಾಣುತ್ತೆ. ಅದನ್ನೂ ಹೇಳಲಾ?

ನೀಲಿಹಾಳೆ · 4:40
1996ರಲ್ಲಿ ಕೇಂಬ್ರಿಜ್‌ನವರು ಅದನ್ನ ಎತ್ತಿ ತೋರಿಸಿದಾಗಿಂದ ಜಗಳ ನಡೀತಾ ಇದೆ. ಸ್ಪಿನ್ ಒಂದೇ ಕಡೆ ವಾಲಿದೆ ಅಂತ ಒಬ್ಬರು, ಕೊಂಡೊ ಥರದ್ದು ಅಂತ ಇನ್ನೊಬ್ಬರು. ಉಷ್ಣಾಂಶ ಏರಿದರೆ ಭುಜ ಇನ್ನೂ ಸ್ಪಷ್ಟ ಆಗುತ್ತೆ, ಉಳಿದ ಮೆಟ್ಟಿಲು ಮಸುಕಾಗ್ತಾವೆ. ಇದೊಂದು ಹೇಳಿ ಸುಮ್ಮನಾಗಿ. ಯಾರಾದರೂ ಕೆದಕಿದರೆ, ಎಲೆಕ್ಟ್ರಾನ್‌ಗಳು ಒಂದಕ್ಕೊಂದು ತಳ್ಳೋದನ್ನ ಲ್ಯಾಂಡಾವರ್ ಲೆಕ್ಕದಲ್ಲಿ ನಾವು ಬಿಟ್ಟಿದ್ದೆವು ಅನ್ನಿ, ಅದು ನಿಜ ಕೂಡ.

ಧಾರವಾಡ_ಮಾಸ್ತರ · 5:10
ಡಬಲ್ ಡಾಟ್ ಸ್ಲೈಡಿಗೆ ಒಂದ ಪ್ರಶ್ನಿ ಬರತೈತಿ, ತಯಾರಾಗು: ಎರಡೂ ದಿಕ್ಕಿಗೆ ಕರೆಂಟ್ ಒಂದ ಸಮ ಹರಿತೈತೇನು?

ತುಂಗಾತೀರ · 5:14
ಹರಿಯಲ್ವಾ? ವೋಲ್ಟೇಜ್ ತಿರುಗಿಸಿದ್ರೆ ಕರೆಂಟೂ ತಿರುಗಬೇಕು ತಾನೆ.

ಡೆಲ್ಫ್ಟ್‌ನ_ಚಳಿ · 5:33
ಬಲದಲ್ಲಿ ಆಗಲೇ ಒಂದು ಎಲೆಕ್ಟ್ರಾನ್ ಕೂತಿದೆ. ಎಡಕ್ಕೆ ಬಂದಿದ್ದು ಅದರ ಜೊತೆ ಸೇರಬೇಕು ಅಂದ್ರೆ ಇಬ್ಬರ ಸ್ಪಿನ್ ಸಿಂಗ್ಲೆಟ್ ಆಗಿರಬೇಕು. ಟ್ರಿಪ್ಲೆಟ್ ಆಗಿ ಬಂದಿತು ಅಂದ್ರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ, ಕರೆಂಟ್ ನಿಂತಿತು. ಉಲ್ಟಾ ದಿಕ್ಕಿನಲ್ಲಿ ಹೊರಡೋದೇ ಸಿಂಗ್ಲೆಟ್‌ನಿಂದ, ಹಾಗಾಗಿ ತಡೆ ಇಲ್ಲ. 2002ರಲ್ಲಿ ಜಪಾನಿನಲ್ಲಿ ಓನೊ, ತರುಚಾ ಮತ್ತವರ ಜೊತೆಯವರು ಕಂಡಿದ್ದು, ಪೌಲಿ ಸ್ಪಿನ್ ಬ್ಲಾಕೇಡ್. ಡಯೋಡ್ ಥರ ಕಾಣುತ್ತೆ, ಆದರೆ ಕಾರಣ ಸ್ಪಿನ್.

ಕಡಲಬದಿ · 5:41
ಸಿಕ್ಕಿಬಿದ್ದ ಎಲೆಕ್ಟ್ರಾನ್ ಶಾಶ್ವತವಾಗಿ ಅಲ್ಲೇ ಇರ್ತದಾ?

ಗೇಟ್‌ವೋಲ್ಟೇಜ್ · 5:46
ಇಲ್ಲ. ಆಗ ಬೈದೆನಲ್ಲ ನ್ಯೂಕ್ಲಿಯರ್ ಸ್ಪಿನ್‌ಗಳು, ಅವೇ ತಲೆ ತಿರುಗಿಸಿ ಟ್ರಿಪ್ಲೆಟ್‌ಅನ್ನ ಸಿಂಗ್ಲೆಟ್ ಮಾಡಿ ಬಿಡಿಸ್ತಾವೆ. ಸಣ್ಣ ಸೋರಿಕೆ ಕರೆಂಟ್ ಕಾಣುತ್ತೆ. ಅದು ಮ್ಯಾಗ್ನೆಟಿಕ್ ಫೀಲ್ಡ್‌ಗೆ ಹೇಗೆ ಬದಲಾಗುತ್ತೆ ಅಂತ ಅಳೆದರೆ ನ್ಯೂಕ್ಲಿಯಸ್‌ಗಳ ಗದ್ದಲ ಎಷ್ಟು ಅಂತ ಲೆಕ್ಕ ಸಿಗುತ್ತೆ.

ಡೆಲ್ಫ್ಟ್‌ನ_ಚಳಿ · 5:49
ನೋಡಿ, ಗ್ಯಾಲಿಯಂ ಆರ್ಸೆನೈಡ್ ಇನ್ನೂ ಕೆಲಸಕ್ಕೆ ಬರ್ತಿದೆ.

ಗೇಟ್‌ವೋಲ್ಟೇಜ್ · 5:50
ಕ್ಯೂಬಿಟ್ ಆಗಿ ಅಲ್ಲ ಅಂದೆ. ತಿರುಚಬೇಡಿ.

ತುಂಗಾತೀರ · 6:20
ಕೊನೇದೊಂದು ಪ್ರಶ್ನೆ. ಲಾಕ್-ಇನ್ ಆವರ್ತನ ಎಷ್ಟು ಇಡ್ತೀರಿ? ಎಕ್ಸಾಮಿನರ್ ಪ್ರಯೋಗದವರು, ಕೇಳೇ ಕೇಳ್ತಾರೆ.

ಗೇಟ್‌ವೋಲ್ಟೇಜ್ · 6:27
17, 37, 73 ಹರ್ಟ್ಸ್, ಹೀಗೆ ಏನಾದರೂ. ನಮ್ಮ ಮೇನ್ಸ್ 50 ಹರ್ಟ್ಸ್, ಅದೂ ಅದರ ಗುಣಕಗಳೂ ಬೇಡ. 1 ಕಿಲೋಹರ್ಟ್ಸ್‌ಗೆ ಏರಿಸಬೇಡ, ಫ್ರಿಜ್‌ನ ಉದ್ದ ವೈರು, ಫಿಲ್ಟರ್‌ಗಳ ಕೆಪಾಸಿಟೆನ್ಸ್ ಸೇರಿ ಫೇಸ್ ತಿರುಗುತ್ತೆ, ಮೆಟ್ಟಿಲು ಇರಬೇಕಾದ ಎತ್ತರಕ್ಕಿಂತ ಕೆಳಗೆ ಕೂರುತ್ತೆ. ಸ್ಯಾಂಪಲ್ ಹಾಕೋ ಮುಂಚೆ ಮಣಿಕಟ್ಟಿಗೆ ಅರ್ಥ್ ಪಟ್ಟಿ ಹಾಕ್ಕೋ ಅಂತಾನೂ ಹೇಳು. ಮೈಯ ಸ್ಟಾಟಿಕ್ ತಾಗಿದರೆ ಗೇಟ್ ಸುಟ್ಟು ಸೋರೋಕೆ ಶುರು ಮಾಡುತ್ತೆ.